ಗ್ರಂಥಾಲಯದ ಎಣ್ಣೆ ಡಬ್ಬಿ

ಜುಲೈ 1, ಮಂಗಳವಾರ

ಇಂದು ಬೆಳಗ್ಗೆ ಒಂಬತ್ತೂವರೆಗೆ ನಾನು ಗ್ರಂಥಾಲಯವನ್ನು ಮಂಡಿಯೂರಿ ಪ್ರವೇಶಿಸಿದೆ. ಇಪ್ಪತ್ತೆರಡು ವರ್ಷ ಈ ಊರಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ದುಡಿದವಳಿಗೆ, ಅದೂ ಇಸ್ತ್ರಿ ಮಾಡಿದ ಸೀರೆ ಉಟ್ಟ ದಿನ, ಈ ಗತಿ ಬರಬಾರದಿತ್ತು. ಶಟರ್ ಎರಡೂವರೆ ಅಡಿ ಎದ್ದು ಅಲ್ಲೇ ನಿಂತುಬಿಟ್ಟಿತು. ಎತ್ತಿದರೆ ಏರದು, ಎಳೆದರೆ ಇಳಿಯದು. ಕಳೆದ ಮಳೆಗಾಲದಿಂದಲೂ ಅದು ಕಿರುಚುತ್ತಿತ್ತು. ನಾನು ಪಂಚಾಯಿತಿಗೆ ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಸ್ವೀಕೃತಿ ಬಂದಿದೆ.

ದಿನಾ ಬರುವ ಓದುಗರು ಹನ್ನೊಂದು ಮಂದಿ. ಇಂದು ಆರು ಮಂದಿ ತೆವಳಿಕೊಂಡು ಬಂದರು. ನಿವೃತ್ತ ಹೆಡ್‌ಮಾಸ್ಟರ್ ಚಿಕ್ಕಹನುಮಂತಪ್ಪನವರು ಮಾತ್ರ ತಲೆ ಬಗ್ಗಿಸಲು ಒಪ್ಪಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಪತ್ರಿಕೆಯನ್ನು ಒಂದೊಂದೇ ಹಾಳೆಯಾಗಿ ಶಟರ್ ಕೆಳಗಿನಿಂದ ತಳ್ಳಬೇಕೆಂದರು. ತಳ್ಳಿದೆ. ಕ್ರೀಡೆಯ ಪುಟ ಬೇಡವೆಂದು ವಾಪಸ್ ತಳ್ಳಿದರು.

ಒಂದು ಸಮಾಧಾನವೆಂದರೆ ಇಡೀ ದಿನ ಗದ್ದಲವೇ ಇರಲಿಲ್ಲ. ಜನ ಕಡಿಮೆಯಾದಷ್ಟೂ ಗ್ರಂಥಾಲಯ ಗ್ರಂಥಾಲಯದಂತೆ ಇರುತ್ತದೆ.

ಸಂಜೆ ಜಗಳೂರಿನಿಂದ ತಂಗಿ ಮೇಘಶ್ರೀಯ ಫೋನು. ಅವಳ ಊರಿನ ಒಣ ಹವೆಯಲ್ಲಿ ಕಬ್ಬಿಣಕ್ಕೆ ತುಕ್ಕೇ ಹಿಡಿಯುವುದಿಲ್ಲವಂತೆ. ಆ ನಾಲೆ ನೀರಿನ ಊರಲ್ಲಿ ಒಬ್ಬಳೇ ಯಾಕಿದ್ದೀಯ, ಕೆಲಸ ಬಿಟ್ಟು ಬಾ, ಮಹಡಿ ಮೇಲಿನ ಕೋಣೆ ಖಾಲಿ ಇದೆ ಎಂದು ಎಂದಿನಂತೆ ಹೇಳಿದಳು. ಅದೂ ಸರಿಯೇ. ಇಲ್ಲಿ ನನಗೆ ಯಾರಿದ್ದಾರೆ?

ಜುಲೈ 2, ಬುಧವಾರ

ಊರಿಗೆ ನಲ್ಲಿ ನೀರು ಬಿಡುವ ನೀರುಗಂಟಿ ಓಬಳಪ್ಪ, ಯಾರೂ ಕರೆಯದಿದ್ದರೂ ಬಂದ. ಕೈಯಲ್ಲಿ ಅರ್ಧಕ್ಕೆ ಕತ್ತರಿಸಿದ ಬಾಟಲಿ, ಅದರ ತುಂಬ ಡೀಸೆಲ್ಲಿಗೆ ಟ್ರ್ಯಾಕ್ಟರಿನ ಹಳೇ ಎಂಜಿನ್ ಆಯಿಲ್ ಬೆರೆಸಿದ ಕರೀ ದ್ರವ.

"ವಾಲ್ವಿಗೆ ನಾನು ಹಾಕೋದು ಇದನ್ನೇ, ಮೇಡಂ. ಇಪ್ಪತ್ತು ವರ್ಷ ಆತು, ಒಂದು ವಾಲ್ವೂ ನನ್ನ ಮಾತು ಮೀರಿಲ್ಲ" ಎಂದ.

ಶಟರ್ ಸರಿದಾಡುವ ಎರಡೂ ಪಕ್ಕದ ಜಾಡುಗಳಿಗೆ ಸುರಿದ. ಹತ್ತು ನಿಮಿಷ ಬಿಟ್ಟು ಎತ್ತಿದ. ಶಟರ್ ಅರ್ಧ ಅಡಿ ಕೆಳಕ್ಕಿಳಿದು ಮತ್ತೆ ನಿಂತಿತು. ಆ ಹೊತ್ತಿಗೆ ಹಾಳೆ ತೆಗೆದುಕೊಳ್ಳಲು ಬಾಗಿದ್ದ ಹೆಡ್‌ಮಾಸ್ಟರ ಬಿಳಿ ಜುಬ್ಬದ ಬೆನ್ನಿಗೆ ಕರೀ ಹನಿಗಳು ಬಿದ್ದವು. ಅವರಿಗೆ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ. ಓಬಳಪ್ಪನೂ ಹೇಳಲಿಲ್ಲ.

ಈಗ ಒಳಗೆ ಹೋಗಬೇಕಾದರೆ ಪೂರ್ತಿ ಮಲಗಬೇಕು.

ಜುಲೈ 4, ಶುಕ್ರವಾರ

ಪಿಡಿಒ ಗುರುಬಸವರಾಜ್ ಪಂಚಾಯಿತಿ ಕಚೇರಿಗೆ ಕರೆಸಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಮೆದು, ಸುದ್ದಿ ಮಾತ್ರ ಯಾವಾಗಲೂ ಕೆಟ್ಟದ್ದೇ. ಹಾಲಿನ ಡೇರಿ ಕಾರ್ಯದರ್ಶಿ ಕಲ್ಲೇಶಪ್ಪ ಗ್ರಂಥಾಲಯದ ಕೋಣೆಯನ್ನು ಡೇರಿಗೆ ಕೊಡಿ ಎಂದು ಅರ್ಜಿ ಹಾಕಿದ್ದಾರೆ. ಇಪ್ಪತ್ತೊಂಬತ್ತನೇ ತಾರೀಕು ತಾಲ್ಲೂಕಿನಿಂದ ಅಧಿಕಾರಿ ಬಂದು ಅದರ ಹಿಂದಿನ ವಾರದ ಹಾಜರಿ ಪುಸ್ತಕ ನೋಡುತ್ತಾರೆ. ದಿನಕ್ಕೆ ಇಪ್ಪತ್ತು ಓದುಗರಿದ್ದರೆ ಕೋಣೆ ನಮ್ಮದು. ಇಲ್ಲವಾದರೆ ಪುಸ್ತಕಗಳು ಎರಡು ಬೀರು ಸೇರಿ ಪಂಚಾಯಿತಿ ಕಚೇರಿಯ ಮೆಟ್ಟಿಲ ಕೆಳಗೆ ಹೋಗುತ್ತವೆ. ಅಲ್ಲಿ ನನಗೆ ಕೂರಲು ಜಾಗವಿಲ್ಲ. ನಿಂತುಕೊಂಡು ಕೆಲಸ ಮಾಡಬಹುದಲ್ಲ ಎಂದು ಪಿಡಿಒ ಸಮಾಧಾನ ಹೇಳಿದರು.

ಹನ್ನೊಂದು ಮಂದಿಯನ್ನು ಇಪ್ಪತ್ತು ಮಾಡುವುದು ಹೇಗೆ? ಮಲಗಿಕೊಂಡು ಒಳಬರಬೇಕಾದ ಗ್ರಂಥಾಲಯಕ್ಕೆ ಹೊಸ ಓದುಗರು ಯಾಕೆ ಬರುತ್ತಾರೆ? ಮೊದಲು ಶಟರ್ ಏಳಬೇಕು.

ಮೇಘಶ್ರೀ ಕೊಬ್ಬರಿ ಎಣ್ಣೆ ಹಚ್ಚಿ ನೋಡು ಎಂದಳು. ಸಂಜೆ ಹೊರಡುವಾಗ ಹಚ್ಚಿ ಬಂದೆ.

ಜುಲೈ 5, ಶನಿವಾರ

ಇರುವೆಗಳು.

ಜುಲೈ 7, ಸೋಮವಾರ

ರಜೆಯಾದ್ದರಿಂದ ಚನ್ನಗಿರಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವರಿಗೆ ಶಟರಿಗೆ ಹೊಡೆಯುವ ಸ್ಪ್ರೇ ಬೇಕೆಂದೆ. ಅವರು ಮೇಜಿನ ಮೇಲೆ ನಾಲ್ಕು ಡಬ್ಬಿ ಇಟ್ಟರು. ನೀಲಿ, ಕೆಂಪು, ಬಿಳಿ, ಕಪ್ಪು. ಯಾವುದು ಒಳ್ಳೆಯದು ಎಂದರೆ, ಎಲ್ಲಾ ಒಂದೇ ಮೇಡಂ, ಬಣ್ಣ ಬೇರೆ ಅಷ್ಟೇ ಎಂದುಬಿಟ್ಟರು. ಪುಸ್ತಕಗಳ ಬಗ್ಗೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಅವರ ಸದಸ್ಯತ್ವ ರದ್ದು ಮಾಡುತ್ತಿದ್ದೆ.

ಒಂದು ಸ್ಟೂಲು ಕೇಳಿ ಕೂತೆ. ನಾಲ್ಕೂ ಡಬ್ಬಿಗಳ ಮೇಲಿನ ಸಣ್ಣ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಒಂದೂವರೆ ಗಂಟೆ ಹಿಡಿಯಿತು. ಅಂಗಡಿಯವರು ಮೊದಲು ನೀರು ಕೊಟ್ಟರು, ಆಮೇಲೆ ಚಹಾ ಕೊಟ್ಟರು, ಕೊನೆಗೆ ಮೆಲ್ಲಗೆ, "ತಾವು ತೂಕ ಅಳತೆ ಇಲಾಖೆಯವರಾ?" ಎಂದು ಕೇಳಿದರು. ಅಲ್ಲ ಎಂದ ಮೇಲೂ ಅವರ ಅನುಮಾನ ಹೋಗಲಿಲ್ಲ.

ನಾಲ್ಕೂ ಒಂದೇ ಅಲ್ಲವೇ ಅಲ್ಲ. ನೀಲಿ ಡಬ್ಬಿಯದು ತೆಳು, ತುಕ್ಕಿನ ಸಂದಿಗೆ ಇಳಿದು ಬಿಡಿಸುತ್ತದೆ, ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಕೆಂಪು ಡಬ್ಬಿಯದು ಒಣಗಿದ ಮೇಲೆ ನುಣುಪಾದ ಪದರವಾಗಿ ಉಳಿಯುತ್ತದೆ, ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಆಗುತ್ತದೆ. ಬಿಳಿಯದು ಗ್ರೀಸು, ಭಾರ ಹೊರುವ ಕೀಲುಗಳಿಗೆ. ಕಪ್ಪಿನಲ್ಲಿ ಎಣ್ಣೆಯೇ ಇಲ್ಲ, ಒಣ ಪುಡಿ, ಬೀಗಗಳಿಗೆ. ಇಷ್ಟು ವಿಷಯ ತಿಳಿದ ಮೇಲೆ ಆತುರಪಡಬಾರದೆಂದು ಏನೂ ಕೊಳ್ಳದೆ ಎದ್ದೆ. ಅಂಗಡಿಯವರು ಬಾಗಿಲವರೆಗೆ ಬಂದು ಕೈಮುಗಿದರು.

ಬಸ್ಸಿನಲ್ಲಿ ನೋಟ್‌ಬುಕ್ ತೆರೆದು ಮತ್ತೆ ಓದಿದೆ. ನಮ್ಮ ರೋಗ ತುಕ್ಕು, ಆದ್ದರಿಂದ ನೀಲಿ. ಅಷ್ಟರಲ್ಲಿ ಬಸ್ ಎರಡು ಸ್ಟಾಪ್ ದಾಟಿತ್ತು. ಇಳಿದು, ಬಿಸಿಲಲ್ಲಿ ನಡೆದು ವಾಪಸ್ ಹೋಗಿ ನೀಲಿ ಡಬ್ಬಿ ತಂದೆ. ನನ್ನನ್ನು ಮತ್ತೆ ಕಂಡು ಅಂಗಡಿಯವರ ಮುಖ ಬಿಳುಚಿತು.

ಜುಲೈ 8, ಮಂಗಳವಾರ

ಬೆಳಗ್ಗೆ ಮಲಗಿಕೊಂಡೇ ಎರಡೂ ಜಾಡುಗಳಿಗೆ ನೀಲಿ ಡಬ್ಬಿ ಸಿಂಪಡಿಸಿದೆ. ಅರ್ಧ ಗಂಟೆ ಬಿಟ್ಟು, ಓಬಳಪ್ಪ ಒಂದು ಕಡೆ, ನಾನೊಂದು ಕಡೆ ನಿಂತು ಎತ್ತಿದೆವು. ಶಟರ್ ಊರಿಗೆಲ್ಲ ಕೇಳುವಂತೆ ಕೂಗಿತು. ಪಕ್ಕದ ಹಿಟ್ಟಿನ ಗಿರಣಿಯ ದಾಸಪ್ಪ ಯಾರಿಗೋ ಅಪಘಾತವಾಯಿತೆಂದು ಓಡಿ ಬಂದರು. ಆಮೇಲೆ ಅದು ಸದ್ದಿಲ್ಲದೆ ಸರಸರ ಮೇಲೇರಿತು. ಹೆಡ್‌ಮಾಸ್ಟರು ಕೊಡೆಯೂರಿ ನೆಟ್ಟಗೆ ಒಳಗೆ ನಡೆದು ಬಂದರು.

ಓಬಳಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗಿರೋದು ಡೀಸೆಲ್ಲೇ, ವಾಸನೆ ಮಾತ್ರ ಬದಲಾಯಿಸ್ಯಾರೆ ಎಂದ.

ಜುಲೈ 9, ಬುಧವಾರ

ಮಧ್ಯಾಹ್ನ ಹೊನ್ನೂರಮ್ಮ ಎಂಬವಳು ಬಂದಳು. ಕಳೆ ಕೀಳುವ ಕೂಲಿಗೆ ಹೋಗುವವಳು, ಅರವತ್ತರ ಮೇಲಾಗಿದೆ. ಇಷ್ಟು ವರ್ಷದಲ್ಲಿ ಅವಳನ್ನು ಈ ಮೆಟ್ಟಿಲ ಬಳಿ ಕಂಡಿರಲಿಲ್ಲ. ಚಪ್ಪಲಿ ದೂರದಲ್ಲಿ ಬಿಟ್ಟು ಕೆಳಗೇ ನಿಂತಳು. ಒಳಗೆ ಬಾ ಎಂದರೆ, ಇಲ್ಲೇ ಇರ್ತೀನಿ ಎಂದಳು.

"ನಿನ್ನೆ ನಿಮ್ಮ ಶಟರ್ ಕೂಗಿದ್ದು ನಮ್ಮ ಕೇರಿಗೆ ಕೇಳ್ತು, ಅಕ್ಕಾರೆ. ಆಮೇಲೆ ಸುಮ್ಮನಾತಲ್ಲ, ಆ ಔಷಧಿ ಒಂದೀಟು ಬೇಕಾಗಿತ್ತು."

ಭಾನುವಾರ ನ್ಯಾಮತಿಯಲ್ಲಿ ಅವಳ ಮೊಮ್ಮಗಳ ನಾಮಕರಣ. ಕೂಸಿಗೆಂದು ತೆಗೆದಿಟ್ಟ ಕಾಲ್ಗೆಜ್ಜೆ ತಗಡಿನ ಟ್ರಂಕಿನಲ್ಲಿದೆ, ಟ್ರಂಕಿನ ಬೀಗ ತುಕ್ಕು ಹಿಡಿದು ಕೀಲಿ ತಿರುಗುತ್ತಿಲ್ಲ.

ಗ್ರಂಥಾಲಯದ ಯಾವ ವಸ್ತುವೂ ಸದಸ್ಯರಲ್ಲದವರ ಕೈಗೆ ಹೋಗುವಂತಿಲ್ಲ ಎಂದು ಹೇಳಿದೆ. ಹಾಗಾದ್ರೆ ಸದಸ್ಯೆ ಮಾಡಿಕೊಳ್ರಿ ಎಂದಳು. ಓದಲು ಬರುತ್ತದೆಯೇ ಎಂದೆ. ಇಲ್ಲ. ಆದರೆ ಓದು ಬರಬೇಕೆಂದು ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ, ಹುಡುಕಿ ನೋಡಿದೆ. ಸ್ಟಾಂಪ್ ಪ್ಯಾಡ್ ಮೇಜು ಬಿಟ್ಟು ಹೊರಹೋಗಬಾರದೆಂಬುದು ನನ್ನದೇ ನಿಯಮವಾದ್ದರಿಂದ ಹೆಬ್ಬೆಟ್ಟು ಒತ್ತಲು ಅವಳು ಒಳಗೆ ಬರಲೇಬೇಕಾಯಿತು. ಎರವಲು ಪುಸ್ತಕದಲ್ಲಿ "ಸ್ಪ್ರೇ ಡಬ್ಬಿ, ನೀಲಿ, ಒಂದು" ಎಂದು ಬರೆದು ಕೊಟ್ಟೆ.

ಒಂದು ಗಂಟೆಯಲ್ಲಿ ಒರೆಸಿ ತಂದುಕೊಟ್ಟಳು. ಈ ಊರಿನ ನಾಲ್ವರು ಪದವೀಧರರು ಒಯ್ದ ಕಾದಂಬರಿಗಳು ಹದಿನಾಲ್ಕು ವರ್ಷದಿಂದ ಬಂದಿಲ್ಲ.

ಜುಲೈ 11, ಶುಕ್ರವಾರ

ಶಟರ್ ಮತ್ತೆ ನಿಂತಿತು. ಈ ಸಲ ಎದೆಯ ಎತ್ತರಕ್ಕೆ. ದಾಸಪ್ಪನವರ ಗಿರಣಿಯಿಂದ ಹಾರುವ ಹಿಟ್ಟು ಎಣ್ಣೆಯ ಜಾಡಿಗೆ ಅಂಟಿ, ಮಳೆಯ ತೇವಕ್ಕೆ ಕಲಸಿ, ಗಟ್ಟಿಯಾಗಿದೆ. ಓಬಳಪ್ಪ ಉಳಿಯಿಂದ ಕೆರೆದು ಒಂದು ಹಿಡಿ ತೆಗೆದು ತೋರಿಸಿದ.

"ರಾಗಿ ಹಿಟ್ಟು, ಮೇಡಂ. ಇನ್ನೊಂದು ಸ್ವಲ್ಪ ಐತೆ, ಒಬ್ಬರಿಗೆ ರೊಟ್ಟಿ ಆಗ್ತೈತೆ."

ನೋಟ್‌ಬುಕ್ ತೆಗೆದು ನೋಡಿದೆ. ಕೆಂಪು ಡಬ್ಬಿಯ ಕೆಳಗೆ ನಾನೇ ಬರೆದುಕೊಂಡಿದ್ದೆ, ಒಣಗಿದ ಮೇಲೆ ಧೂಳು ಅಂಟುವುದಿಲ್ಲ ಎಂದು. ಓದಿಯೂ ಗಮನಿಸಿರಲಿಲ್ಲ. ನಮ್ಮ ರೋಗ ತುಕ್ಕು ಒಂದೇ ಅಲ್ಲ, ಹಿಟ್ಟು ಸಹ.

ಜುಲೈ 14, ಸೋಮವಾರ

ಚನ್ನಗಿರಿಯ ಅಂಗಡಿಗೆ ಫೋನ್ ಮಾಡಿದರೆ ಕೆಂಪು ಮುಗಿದಿದೆ ಎಂದರು. ನನ್ನ ದನಿ ಗುರುತಿಸಿ ಹಾಗೆಂದರೋ ಏನೋ. ಹೊನ್ನಾಳಿಗೆ ಹೋಗಿ ತಂದೆ. ಬರುವಾಗ ಬಸ್ಸಿನಲ್ಲಿ ಹೊನ್ನೂರಮ್ಮ ಸಿಕ್ಕಳು, ನ್ಯಾಮತಿಯಿಂದ ನಾಮಕರಣ ಮುಗಿಸಿ ಬರುತ್ತಿದ್ದಳು. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಕೂಸಿಗೆ ಗೆಜ್ಜೆ ದೊಡ್ಡದಾಯಿತಂತೆ, ಕಾಲಿಗೆ ಬರೋ ತನಕ ಕೈಗೆ ಹಾಕಿದ್ದಾರಂತೆ. ಕರ್ಚೀಫಿನಲ್ಲಿ ಕಟ್ಟಿದ್ದ ಎರಡು ಹೋಳಿಗೆ ಕೊಟ್ಟಳು.

ಹೋಳಿಗೆ ಚೆನ್ನಾಗಿತ್ತು.

ಜುಲೈ 15, ಮಂಗಳವಾರ

ಜಾಡುಗಳನ್ನು ಕೆರೆದು, ನೀಲಿಯಿಂದ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೆಂಪು ಹೊಡೆದೆವು. ಈಗ ಒಂದೇ ಕೈಯಲ್ಲಿ ಮೇಲೇರುತ್ತದೆ.

ಹನ್ನೆರಡು ಗಂಟೆಯೊಳಗೆ ಏಳು ಮಂದಿ ಡಬ್ಬಿ ಕೇಳಿಕೊಂಡು ಬಂದರು. ಬಾಗಿಲ ಚಿಲಕ, ಮಡಚುವ ಮಂಚ, ಹೊಲಿಗೆ ಯಂತ್ರ, ಪಂಪ್‌ಸೆಟ್ಟಿನ ಬೋಲ್ಟು. ದಾಸಪ್ಪನವರ ತಾಯಿ ಮೊಣಕಾಲಿಗೆ ಕೇಳಿದರು. ಕೊಡಲಿಲ್ಲ.

ಯಾವ ಡಬ್ಬಿ ಯಾವುದಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಡಬ್ಬಿಯ ಮೇಲಿರುವುದು ಇಂಗ್ಲಿಷು. ಮಧ್ಯಾಹ್ನ ಕೂತು ಕನ್ನಡದಲ್ಲಿ ಒಂದು ಪುಟ ಬರೆದು ರಟ್ಟಿಗೆ ಅಂಟಿಸಿದೆ. ಒಲೆ, ಬೀಡಿ, ದೀಪದ ಬಳಿ ಸಿಂಪಡಿಸಕೂಡದು. ಕಣ್ಣಿಗೆ ತಾಗಿದಲ್ಲಿ ಹದಿನೈದು ನಿಮಿಷ ನೀರಿನಲ್ಲಿ ತೊಳೆಯತಕ್ಕದ್ದು. ತಿನ್ನುವ ಪದಾರ್ಥ ತಾಗುವ ಕತ್ತಿ, ಈಳಿಗೆಮಣೆಗಳಿಗೆ ಹಾಕಕೂಡದು. ವಾಹನ ಮತ್ತು ಸೈಕಲ್ಲಿನ ಬ್ರೇಕಿಗೆ ಎಂದಿಗೂ ಹಾಕಕೂಡದು. ಈ ಪುಟವನ್ನು ಓದದೆ ಯಾರಿಗೂ ಡಬ್ಬಿ ಇಲ್ಲ.

ಹೊನ್ನೂರಮ್ಮ ಎರಡು ಸಲ ನನ್ನ ಬಾಯಿಂದ ಓದಿಸಿ ಕೇಳಿದಳು. ಮೂರನೇ ಸಲ ತಾನೇ ಒಪ್ಪಿಸಿದಳು, "ತಕ್ಕದ್ದು", "ಕೂಡದು" ಒಂದೂ ತಪ್ಪಲಿಲ್ಲ.

ಜುಲೈ 17, ಗುರುವಾರ

ಇಂದು ಮೂವತ್ತೆರಡು ಮಂದಿ. ಸರದಿ ಕಾಯುತ್ತ ಬೆಂಚಿನ ಮೇಲೆ ಕೂರುತ್ತಾರೆ, ಪತ್ರಿಕೆ ತಿರುವುತ್ತಾರೆ, ಮಾತಾಡುತ್ತಾರೆ. ಗದ್ದಲ ವಿಪರೀತ.

ಹಾಜರಿ ಪುಸ್ತಕ ಬರೆಯುವಾಗ ಕೈ ನಿಂತಿತು. ಡಬ್ಬಿಗೆ ಬಂದವರು ಓದುಗರೇ? ಪಿಡಿಒ ಅವರನ್ನು ಕೇಳಿದೆ. ಅವರು ಅತ್ತಿತ್ತ ನೋಡಿ, ಬಂದೋರ್ನೆಲ್ಲ ಬರ್ಕೊಳ್ರಿ ಮೇಡಂ, ಕೋಣೆ ಉಳೀತೈತೆ ಎಂದರು. ಹಾಜರಿ ಪುಸ್ತಕ ಹಿಡಿದೇ ಮನೆಗೆ ಬಂದೆ, ಊಟಕ್ಕೆ ಕೂತರೂ ಅದೇ ಯೋಚನೆ. ಕೊನೆಗೆ ಪುಟದ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಓದಲು ಬಂದವರು ಹದಿಮೂರು. ಡಬ್ಬಿಗೆ ಬಂದವರು ಹತ್ತೊಂಬತ್ತು.

ಹದಿಮೂರರಿಂದ ಕೋಣೆ ಉಳಿಯುವುದಿಲ್ಲ. ಆದರೆ ನನ್ನ ಪುಸ್ತಕದಲ್ಲಿ ಸುಳ್ಳು ಬರೆಯಲಾರೆ.

ಜುಲೈ 19, ಶನಿವಾರ

ಆಗಬಾರದ್ದು ಆಯಿತು.

ಹೆಡ್‌ಮಾಸ್ಟರ ಸೈಕಲ್ಲಿನ ಬ್ರೇಕು ಒಂದು ವಾರದಿಂದ ಕಿರ್ ಎನ್ನುತ್ತಿತ್ತು. ಬೆಳಗ್ಗೆ ಡಬ್ಬಿ ಕೇಳಿದರು. ಪುಟ ಕೊಟ್ಟೆ. ಅವರು ಅದನ್ನು ಮೇಜಿನ ಮೇಲಿಟ್ಟು, ಈ ಊರಿಗೆ ಓದು ಕಲಿಸಿದವನೇ ನಾನು, ನನಗೆ ಓದಲು ಹೇಳುತ್ತೀಯಾ ಎಂದರು. ನಾನೂ ಅವರ ಶಿಷ್ಯೆಯೇ. ಏಳನೇ ಕ್ಲಾಸಿನ ಭಯ ಎಲ್ಲಿತ್ತೋ, ಬಂದುಬಿಟ್ಟಿತು. ಡಬ್ಬಿ ಕೊಟ್ಟೆ.

ಮೂಲೆಯಲ್ಲಿದ್ದ ಹೊನ್ನೂರಮ್ಮ, "ಬ್ರೇಕಿಗೆ ಎಂದಿಗೂ ಹಾಕಕೂಡದು, ಸಾರ್" ಎಂದಳು. ಅವರು ಅವಳತ್ತ ತಿರುಗಿಯೂ ನೋಡಲಿಲ್ಲ.

ಕಿರ್ ಶಬ್ದ ನಿಂತಿತು. ಸೈಕಲ್ ನಿಲ್ಲಲಿಲ್ಲ. ಅರಳಿಕಟ್ಟೆಯ ಇಳಿಜಾರಿನಲ್ಲಿ ಹೊರಟವರು ಗ್ರಂಥಾಲಯದ ಮುಂದೆ ಹಾಯ್ದು, ಗಂಟೆ ಬಾರಿಸುತ್ತಲೇ, ದಾಸಪ್ಪನವರ ಗಿರಣಿಯೊಳಗೆ ನುಗ್ಗಿದರು. ಹಿಟ್ಟಿನ ಚೀಲಗಳು ತಡೆದವು. ನಾವು ಓಡಿಹೋಗಿ ನೋಡಿದಾಗ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಕೂತಿದ್ದರು, ಕಣ್ಣೆರಡು ಮಾತ್ರ ಕಪ್ಪು. ಎಲ್ಲಿಯೂ ಪೆಟ್ಟಾಗಿರಲಿಲ್ಲ. ಓಬಳಪ್ಪ ಕೈ ಹಿಡಿದು ಎಬ್ಬಿಸಿದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗಲಿಲ್ಲ ಎಂದೇ ನನ್ನ ನೆನಪು.

ಮೇಷ್ಟ್ರು ಹಿಟ್ಟನ್ನೂ ಕೊಡವಿಕೊಳ್ಳದೆ ಸೈಕಲ್ ತಳ್ಳಿಕೊಂಡು ಮನೆಗೆ ಹೋದರು. ಮುಖ ನೋಡಲಾಗಲಿಲ್ಲ.

ಜುಲೈ 21, ಸೋಮವಾರ

ಪಿಡಿಒ ಮನೆಗೇ ಬಂದು ನೋಟಿಸು ಕೊಟ್ಟರು. ಗ್ರಂಥಾಲಯವು ಅಪಾಯಕಾರಿ ವಸ್ತುಗಳನ್ನು ಸಾರ್ವಜನಿಕರಿಗೆ ವಿತರಿಸುತ್ತಿದೆ ಎಂದು ಹೆಡ್‌ಮಾಸ್ಟರು ದೂರು ಬರೆದಿದ್ದಾರೆ. ನಾಲ್ಕು ಪುಟ, ಅಕ್ಷರ ಮುತ್ತಿನಂತೆ. ತಪಾಸಣೆ ಮುಗಿಯುವ ತನಕ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು.

ಮೇಘಶ್ರೀಗೆ ಹೇಳಿದೆ. ಒಳ್ಳೇದೇ ಆಯ್ತು ಬಿಡು, ಮೂವತ್ತನೇ ತಾರೀಕು ಹೊರಟು ಬಾ ಎಂದಳು. ಯೋಚಿಸಿ ಹೇಳುತ್ತೇನೆ ಎಂದೆ.

ಜುಲೈ 22, ಮಂಗಳವಾರ

ಡಬ್ಬಿಗಳು ಬೀರುವಿನಲ್ಲಿವೆ, ಕೀಲಿ ನನ್ನ ಸೊಂಟದಲ್ಲಿದೆ. ಬೆಳಗ್ಗೆ ಗ್ರಂಥಾಲಯ ನಿಶ್ಶಬ್ದವಾಗಿತ್ತು. ಹತ್ತರಿಂದ ಹನ್ನೊಂದರ ನಡುವೆ ಗಡಿಯಾರವನ್ನು ನಾಲ್ಕು ಸಲ ನೋಡಿದೆ. ಗಡಿಯಾರ ನಿಧಾನ ಹೋಗುತ್ತಿದೆಯೋ ಏನೋ, ಸೆಲ್ ಬದಲಾಯಿಸಬೇಕು.

ಹನ್ನೊಂದೂಕಾಲಿಗೆ ಹೊನ್ನೂರಮ್ಮ ಬಂದರು. ಡಬ್ಬಿ ಇಲ್ಲ ಎಂದೆ. ಗೊತ್ತೈತೆ ಎಂದರು. ಬೆಂಚಿನ ಮೇಲೆ ಕೂತು, "ಡಬ್ಬಿ ಇಲ್ಲ ಅಂದ್ರೆ ಪೇಪರಾದ್ರೂ ಓದಿ ಹೇಳ್ರಿ ಅಕ್ಕಾರೆ. ಕೂಲಿ ಇಲ್ದ ದಿನ ಮನ್ಯಾಗೆ ಏನು ಮಾಡಲಿ" ಎಂದರು. ಮೆಲ್ಲಗೆ ಓದಿದೆ. ಆಮೇಲೆ ಬಂದವರು ನಮಗೆ ಕೇಳಲ್ಲ ಎಂದರು. ಕೊನೆಗೆ "ಮೌನವಾಗಿರಿ" ಎಂಬ ಫಲಕದ ಕೆಳಗೆ ನಿಂತು ಗಟ್ಟಿಯಾಗಿ ಓದಿದೆ. ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಒಂದು ಲೇಖನವಿತ್ತು. ಅದರ ಮೇಲೆ ನಲವತ್ತು ನಿಮಿಷ ಚರ್ಚೆಯಾಯಿತು. ಲೇಖನ ಬರೆದವರು ತಪ್ಪು ಎಂದು ತೀರ್ಮಾನವಾಯಿತು.

ಜುಲೈ 25, ಶುಕ್ರವಾರ

ಓಬಳಪ್ಪನವರು ಬೆಳಗ್ಗೆ ನೀರು ಬಿಟ್ಟು ನೇರ ಇಲ್ಲಿಗೇ ಬರುತ್ತಾರೆ. ಪಂಪಿನ ಬಗ್ಗೆ ಪುಸ್ತಕ ಕೇಳಿದರು, ಇಲ್ಲ. ಪತ್ತೇದಾರಿ ಕಾದಂಬರಿ ಕೊಟ್ಟೆ. ಮೂವತ್ತನೇ ಪುಟಕ್ಕೇ ಕೊಲೆಗಾರ ಯಾರೆಂದು ಎಲ್ಲರಿಗೂ ಹೇಳಿಬಿಟ್ಟರು. ಅದನ್ನು ಸುಳ್ಳು ಮಾಡಲು ಇನ್ನಿಬ್ಬರು ಅದೇ ಪುಸ್ತಕಕ್ಕೆ ಕಾಯುತ್ತಿದ್ದಾರೆ.

ಹೆಡ್‌ಮಾಸ್ಟರು ಆರು ದಿನದಿಂದ ಬಂದಿಲ್ಲ. ಅವರು ಕೂರುವ ಜಾಗದಲ್ಲಿ ಯಾರೂ ಕೂರುವುದಿಲ್ಲ. ಸಂಜೆ ಅವರ ಮನೆಯ ಮುಂದೆ ಹಾದುಬಂದೆ, ಅದು ನನ್ನ ದಾರಿಯಲ್ಲದಿದ್ದರೂ. ಸೈಕಲ್ ಗೋಡೆಗೆ ಒರಗಿತ್ತು. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಜುಲೈ 29, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಅಧಿಕಾರಿಣಿ ಹನ್ನೊಂದಕ್ಕೆ ಬಂದರು. ಶಟರ್ ಪೂರ್ತಿ ಮೇಲಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ಕಲ್ಲೇಶಪ್ಪನವರು ಟೇಪು ಹಿಡಿದು ಆಗಲೇ ಗೋಡೆ ಅಳೆಯುತ್ತಿದ್ದರು, ಹಾಲಿನ ಕ್ಯಾನು ಎಲ್ಲಿ, ತೂಕದ ಯಂತ್ರ ಎಲ್ಲಿ ಎಂದು ಗೊಣಗಿಕೊಳ್ಳುತ್ತಿದ್ದರು. ಬೆಂಚುಗಳು ತುಂಬಿದ್ದವು. ಹೆಡ್‌ಮಾಸ್ಟರು ಹತ್ತು ದಿನದ ಮೇಲೆ ಬಂದು ಬಾಗಿಲ ಬಳಿ ನಿಂತಿದ್ದರು, ಕೈಯಲ್ಲಿ ದೂರಿನ ಪ್ರತಿ.

ಅಧಿಕಾರಿಣಿ ಮೊದಲು ಹೊನ್ನೂರಮ್ಮನವರನ್ನು ಏನಮ್ಮಾ ಓದುತ್ತೀರಿ ಎಂದು ಕೇಳಿದರು. ಹೊನ್ನೂರಮ್ಮ ಎದ್ದು ನಿಂತು, ಸೆರಗು ಹೊದ್ದು, ನಾನು ಬರೆದ ಪುಟವನ್ನು ಮೊದಲಿಂದ ಕೊನೆವರೆಗೆ ಒಪ್ಪಿಸಿದರು. ಕಣ್ಣು ತೊಳೆಯತಕ್ಕದ್ದಕ್ಕೆ ಬರುವ ಹೊತ್ತಿಗೆ ಇಡೀ ಬೆಂಚು ದನಿಗೂಡಿಸಿತ್ತು. ಅಧಿಕಾರಿಣಿ ಸಂತೋಷಪಟ್ಟು, ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ಓದಿಕೊಂಡಿದ್ದೀರಿ ಎಂದರು.

ನಾನು ಸುಮ್ಮನಿರಬಹುದಿತ್ತು. "ಅವರಿಗೆ ಓದಾಕೆ ಬರಲ್ಲ, ಮೇಡಂ. ಕೇಳಿ ಕಲ್ತಿದ್ದಾರೆ" ಎಂದುಬಿಟ್ಟೆ. ಪಿಡಿಒ ಕಣ್ಣು ಮುಚ್ಚಿಕೊಂಡರು.

ಅಧಿಕಾರಿಣಿ ಹಾಜರಿ ಪುಸ್ತಕ ತೆರೆದರು. ಎರಡು ಕಾಲಂ ಯಾಕೆ ಎಂದರು. ಹೇಳಿದೆ. ಒಂದೇ ಕಾಲಮ್ಮಿನಲ್ಲಿ ಬರೆದಿದ್ದರೆ ಮೂವತ್ತು ದಾಟುತ್ತಿತ್ತಲ್ಲ ಎಂದರು. ದಾಟುತ್ತಿತ್ತು, ಆದರೆ ಸರಿಯಾಗುತ್ತಿರಲಿಲ್ಲ ಎಂದೆ. ಅವರು ಕನ್ನಡಕ ಏರಿಸಿ ಕಳೆದ ವಾರದ ಪುಟ ನೋಡಿದರು. ತುಂಬ ಹೊತ್ತು ನೋಡಿದರು.

"ಇಪ್ಪತ್ತೆರಡರಿಂದ ಡಬ್ಬಿಯ ಕಾಲಂ ಖಾಲಿ ಇದೆ."

ಡಬ್ಬಿಗೆ ಬೀಗ ಹಾಕಿದ್ದರಿಂದ ಎಂದೆ.

"ಓದುಗರ ಕಾಲಮ್ಮಿನಲ್ಲಿ ಇಪ್ಪತ್ತೊಂದು, ಇಪ್ಪತ್ಮೂರು, ಇಪ್ಪತ್ತೆರಡು, ಇಪ್ಪತ್ತಾರು. ಡಬ್ಬಿ ಇಲ್ಲ ಅಂದರೆ ಇವರೆಲ್ಲ ಯಾತಕ್ಕೆ ಬಂದರು, ಶಾಂತಾದೇವಿಯವರೇ?"

ದಿನವೂ ನಾನೇ ಬರೆದ ಅಂಕಿಗಳು, ಆದರೆ ಕೂಡಿಸಿ ನೋಡಿರಲಿಲ್ಲ. ಓದುವುದರಲ್ಲೇ ಹೊತ್ತು ಹೋಗುತ್ತಿತ್ತು.

ಕಲ್ಲೇಶಪ್ಪನವರು ಟೇಪು ಸುತ್ತುತ್ತ ಮುಂದೆ ಬಂದು, ಓದಲು ಬಾರದವರನ್ನು ಓದುಗರೆಂದು ಲೆಕ್ಕ ಹಿಡಿಯುವುದು ಹೇಗೆ ಎಂದು ಕೇಳಿದರು. ಅಧಿಕಾರಿಣಿ ಬೆರಳು ಮಡಚಿ, ಹೊನ್ನೂರಮ್ಮನವರನ್ನು ಬಿಟ್ಟರೂ ಯಾವ ದಿನವೂ ಇಪ್ಪತ್ತಕ್ಕಿಂತ ಕಡಿಮೆ ಇಲ್ಲ ಎಂದರು. ಆಗ ಹೊನ್ನೂರಮ್ಮನವರು ಎದ್ದರು.

"ನನ್ನ ಯಾಕೆ ಬಿಡ್ತೀರಿ? ಆರು ದಿನಾನೂ ಬಂದೀನಿ, ಐದು ದಿನ ಕೂಲಿ ಬಿಟ್ಟು. ಕಾರ್ಡ್ ಐತೆ ನನ್ನತ್ರ."

ಕಾರ್ಡ್ ತೋರಿಸಿದರು. ಬಿಡಲ್ಲಮ್ಮ, ಕೂತ್ಕೊಳ್ಳಿ ಎಂದು ಅಧಿಕಾರಿಣಿ ನಕ್ಕರು.

ಉಳಿದದ್ದು ದೂರು. ನಿಮಗೆ ಎಚ್ಚರಿಕೆಯ ಪುಟ ಕೊಟ್ಟಿರಲಿಲ್ಲವೇ ಎಂದು ಹೆಡ್‌ಮಾಸ್ಟರನ್ನು ಕೇಳಿದರು. ಇಡೀ ಕೋಣೆ ಅವರನ್ನೇ ನೋಡಿತು. ಕೊಡಲಿಲ್ಲ ಎಂದಿದ್ದರೆ ನಾನು ಎದುರಾಡುತ್ತಿರಲಿಲ್ಲ. ಅವರು ದೂರಿನ ಹಾಳೆಯನ್ನು ನಾಲ್ಕಾಗಿ ಮಡಚಿದರು.

"ಕೊಟ್ಟಿದ್ದಳು. ನಾನು ಓದಲಿಲ್ಲ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದವನು ನಾನು." ಹೊನ್ನೂರಮ್ಮನವರ ಕಡೆ ತಿರುಗಿದರು. "ಈ ತಾಯಿ ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ. ದೂರು ವಾಪಸ್ ತಗೋತೀನಿ."

ಹೊನ್ನೂರಮ್ಮನವರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಮೇಷ್ಟ್ರು ಹೋಗಿ ಅಲ್ಲೇ ಕೂತರು.

ಕೋಣೆ ನಮ್ಮದೇ. ಡೇರಿಗೆ ಹಳೇ ಶಾಲೆಯ ಹಿಂದಿನ ಕೊಠಡಿ ಕೊಡುತ್ತಾರಂತೆ. ಕಲ್ಲೇಶಪ್ಪನವರು ಆ ಕೊಠಡಿಯ ಬಾಗಿಲು ತೆರೆದು ಎಷ್ಟೋ ವರ್ಷವಾಗಿದೆ ಎಂದು ಗೊಣಗಿದರು, ಆಮೇಲೆ ನನ್ನ ಹತ್ತಿರ ಬಂದು ನೀಲಿಯೋ ಕೆಂಪೋ ಎಂದು ಕೇಳಿದರು. ಸದಸ್ಯರಾಗಲು ಫಾರಂ ಕೊಟ್ಟೆ.

ಆಗಸ್ಟ್ 3, ಭಾನುವಾರ

ಕಲ್ಲೇಶಪ್ಪನವರು ಪುಟ ಪೂರ್ತಿ ಓದಿ ಸಹಿ ಹಾಕಿದರು. ಮೇಷ್ಟ್ರು ದಿನಾ ಹನ್ನೊಂದಕ್ಕೆ ಪತ್ರಿಕೆ ಗಟ್ಟಿಯಾಗಿ ಓದುತ್ತಾರೆ, ನನಗಿಂತ ಚೆನ್ನಾಗಿ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ನಿನ್ನೆ ಉತ್ತರ ಹೇಳದ ಪಿಡಿಒ ಅವರನ್ನು ನಿಲ್ಲಿಸಿದ್ದರು.

ಆಗಸ್ಟ್ 17, ಭಾನುವಾರ

ಹದಿನಾಲ್ಕು ದಿನ ಬರೆದಿಲ್ಲ ಎಂದು ಈಗ ಪುಟ ತೆರೆದಾಗ ಗೊತ್ತಾಯಿತು. ಬರೆಯುವಂಥದ್ದು ಬೇಕಾದಷ್ಟಿತ್ತು. ಯೋಚಿಸಿ ಹೇಳುತ್ತೇನೆಂದ ಮಾತನ್ನು ಮೇಘಶ್ರೀಗೆ ಇನ್ನೂ ಹೇಳಿಲ್ಲ, ಅದೂ ಈಗಲೇ ನೆನಪಾಯಿತು. ಓಬಳಪ್ಪನವರ ಕಾದಂಬರಿ ಮುಗಿಯಿತು, ಕೊಲೆಗಾರ ಬೇರೆಯವನೇ. ಅವರು ಲೇಖಕರದು ತಪ್ಪು ಎನ್ನುತ್ತಿದ್ದಾರೆ. ಆ ವಿಷಯ ಗ್ರಂಥಾಲಯದಲ್ಲಿ ಮುಗಿಯದೆ ಈಗ ಎಲ್ಲರೂ ನನ್ನ ಮನೆಯ ಜಗಲಿಗೆ ಬಂದು ಕೂತಿದ್ದಾರೆ. ಹೊನ್ನೂರಮ್ಮನವರು ಒಳಗೆ ಒಲೆಯ ಮುಂದಿದ್ದಾರೆ, ಸಕ್ಕರೆ ಎಲ್ಲಿ ಎಂದು ಎರಡು ಸಲ ಕೇಳಿದರು. ಮೇಷ್ಟ್ರ ದನಿ ಏರುತ್ತಿದೆ.

ಚಹಾ ಉಕ್ಕುವ ಹೊತ್ತಾಯಿತು. ಮನೆಯಲ್ಲಿರುವುದು ಎರಡೇ ಲೋಟ. ಪಕ್ಕದ ಮನೆಯಿಂದ ನಾಲ್ಕು ತರಬೇಕು.